ಕಣಿಲೆ ತಿನ್ನದ ಮನೆ

ಮೂಡುಬಿದಿರೆ
೧೪-೬-೧೯೫೮

ರಮಾನಾಥರಿಗೆ ಕುಸುಮಳ ನಮಸ್ಕಾರಗಳು.

ನೀವು ಬೊಂಬಾಯಿಗೆ ಮುಟ್ಟಿದ ಕಾಗದ ಸಿಕ್ಕಿತು. ಹುಬ್ಬಳ್ಳಿಯಲ್ಲಿ ರೈಲು ತಪ್ಪುವುದರಲ್ಲಿದ್ದದ್ದು, ಆಫೀಸಿನಲ್ಲಿ ನಿಮ್ಮ ತಲೆಯ ಮೇಲೆಯೇ ಹೊಸ ಫ್ಯಾನು ಹಾಕಿದ್ದು ಎಲ್ಲ ಬರೆದಿದ್ದೀರಿ. ನಿಮ್ಮ ಅಜ್ಜಿ ಆಡಿ ಹೋದ ಮಾತಿನ ಬಗ್ಗೆ ಮಾತ್ರ ಒಂದಕ್ಷರವೂ ಇಲ್ಲ. ನೀವು ಬರೆಯದಿದ್ದರೆ ನಾನೇ ಬರೆಯುತ್ತೇನೆ. ನಮ್ಮಿಬ್ಬರಲ್ಲಿ ಒಬ್ಬರಿಗಾದರೂ ಧೈರ್ಯ ಬೇಡವೇ?

ಅವತ್ತು ಸೇಸಮ್ಮಜ್ಜಿ ಪುಂಜಾಲಕಟ್ಟೆಯಿಂದ ಬಸ್ಸು ಹತ್ತಿ ನನ್ನನ್ನು ನೋಡಲು ಬಂದಾಗ ಎಲ್ಲವೂ ಚೆನ್ನಾಗಿಯೇ ಇತ್ತು. ನನ್ನ ಜಡೆಯನ್ನು ಹೊಗಳಿದರು, ಅಮ್ಮ ಮಾಡಿದ ಅವಲಕ್ಕಿಯನ್ನು ಹೊಗಳಿದರು. ಆಮೇಲೆ ಅಮ್ಮನ ಬರಿ ಯಾವುದೆಂದು ಕೇಳಿದರು. ಬೊಂಬಾಯಿಯ ಗಾಳಿಗೆ ನೀವು ಮರೆತಿದ್ದರೆ ನೆನಪಿಸುತ್ತೇನೆ, ಶಾಲೆಯ ಟೀಚರಲ್ಲವೇ ನಾನು: ಬರಿ ಎಂದರೆ ಗೋತ್ರದ ಹಾಗೆ, ಆದರೆ ತಾಯಿಯಿಂದ ಮಕ್ಕಳಿಗೆ ಬರುವುದು, ಒಂದೇ ಬರಿಯ ಹುಡುಗ ಹುಡುಗಿ ಅಣ್ಣ ತಂಗಿ. ಅಮ್ಮ ತನ್ನನ್ನು ಸಾಕಿದವರ ಬರಿಯನ್ನು ಹೇಳಿದಳು. ಹೇಳಿ ಸುಮ್ಮನಿರುವುದು ಬಿಟ್ಟು, ತಾನು ನೆರೆಯಲ್ಲಿ ಸಿಕ್ಕಿದ ಮಗು ಎಂಬುದನ್ನೂ ಹೇಳಿದಳು. ಸುಳ್ಳು ಅವಳಿಗೆ ಬರುವುದಿಲ್ಲ. ಅಜ್ಜಿ ಕಾಫಿಯ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟರು.

“ಸಾಕಿದವರ ಬರಿ ಬಾಯಿಮಾತಿಗೆ ಆದೀತು, ಮದುವೆಗೆ ಆಗುವುದಿಲ್ಲ. ನಮ್ಮ ಹುಡುಗ ಬಂಗೇರ. ಇವಳೂ ಹುಟ್ಟಿನಲ್ಲಿ ಬಂಗೇರಳೇ ಆಗಿದ್ದರೆ ನಾನು ಯಾವ ಬಾಯಲ್ಲಿ ಯಾರಿಗೆ ಏನು ಹೇಳುವುದು? ಹುಟ್ಟಿದ ಬರಿ ಯಾವುದು ಅಂತ ತಿಳಿದು ಹೇಳಿ.”

ದೀಪಾವಳಿಯವರೆಗೆ ಕಾಯುತ್ತಾರಂತೆ. ಆಮೇಲೆ ವೇಣೂರಿನಲ್ಲಿ ಒಂದು ಹುಡುಗಿ ಉಂಟಂತೆ. ಹೆಸರು ಸಹ ಹೇಳಿ ಹೋದರು, ನಾನು ಬರೆಯುವುದಿಲ್ಲ.

ನಮಗೆ ಗೊತ್ತಿರುವುದು ಇಷ್ಟೇ. ಇಪ್ಪತ್ತಮೂರನೇ ಇಸವಿಯ ದೊಡ್ಡ ನೆರೆಯಲ್ಲಿ, ಕಿತ್ತು ಬಂದ, ಹುಲ್ಲು ಹೊದಿಸಿದ ಮಾಡೊಂದರ ಮೇಲೆ ಕುಳಿತು ತೇಲಿ ಬಂದ ಐದು ವರ್ಷದ ಹುಡುಗಿಯನ್ನು ಬಂಟ್ವಾಳದಲ್ಲಿ ದೋಣಿಯವರೊಬ್ಬರು ಎತ್ತಿದರು. ಹೆಸರು ಕೇಳಿದರೆ “ಅಮ್ಮಣಿ” ಎಂದಳು, ಅದು ಮನೆಯಲ್ಲಿ ಮುದ್ದಿಗೆ ಕರೆಯುವ ಹೆಸರು, ಊರಿನಲ್ಲಿ ಅರ್ಧ ಹುಡುಗಿಯರೂ ಅಮ್ಮಣಿಯರೇ. ಮಾತಿನ ಧಾಟಿಯಿಂದ ನಮ್ಮವರ ಮಗುವೆಂದು ತಿಳಿದು, ಮೂಡುಬಿದಿರೆಯ ಮಕ್ಕಳಿಲ್ಲದ ದಂಪತಿಗಳು ಕರೆತಂದು ಸಾಕಿದರು. ಅವರಿಬ್ಬರೂ ಈಗಿಲ್ಲ.

ನಾನು ಹುಡುಕುತ್ತೇನೆ. ಹೆದರಿಕೆಯಾಗಬೇಕಿತ್ತು, ಆದರೆ ನಿನ್ನೆಯಿಂದ ನನಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ನನ್ನ ಅಮ್ಮನಿಗೂ ಒಂದು ಮನೆ ಇತ್ತು, ಆ ಮನೆಯವರು ಈಗಲೂ ಎಲ್ಲೋ ದನ ಕಟ್ಟುತ್ತಾ ಇರಬಹುದು ಎಂದರೆ ಹೇಗಾಗುತ್ತದೆ ಹೇಳಿ.

ಕುಸುಮ


ಬೊಂಬಾಯಿ
೨೨-೬-೧೯೫೮

ಕುಸುಮ ಅವರಿಗೆ ನಮಸ್ಕಾರ.

ಫ್ಯಾನಿನ ಬಗ್ಗೆ ಬರೆದದ್ದು ಅಜ್ಜಿಯ ಬಗ್ಗೆ ಬರೆಯಲಾಗದೆ. ಈಗ ಬರೆಯುತ್ತೇನೆ. ತಾಯಿ ತೀರಿಕೊಂಡ ಮೇಲೆ ನನ್ನನ್ನು ಸಾಕಿದ್ದು ಅಜ್ಜಿಯೇ. ಅವರ ಮಾತು ಮೀರಿ ನನಗೆ ಮದುವೆ ಸಾಧ್ಯವಿಲ್ಲ. ನೀವಲ್ಲದೆ ಬೇರೆಯವರನ್ನು ಮದುವೆಯಾಗುವುದೂ ಸಾಧ್ಯವಿಲ್ಲ. ಎರಡನ್ನೂ ಒಂದೇ ಕಾಗದದಲ್ಲಿ ಬರೆದಿದ್ದೇನೆ, ಏನು ಮಾಡುವುದೆಂದು ಮಾತ್ರ ಗೊತ್ತಿಲ್ಲ.

ಅಜ್ಜಿಗೆ ಹಠ ಉಂಟು, ಆದರೆ ಅವರು ಕಲ್ಲಲ್ಲ. ಅವರ ಒಬ್ಬನೇ ಗಂಡುಮಗ, ನನ್ನ ಗುರುವಪ್ಪ ಮಾವ, ಮೀಸೆ ಮೂಡುವ ಮೊದಲೇ ಜ್ವರದಲ್ಲಿ ಹೋದ. ನಾನು ಅವನನ್ನು ನೋಡಿಲ್ಲ. ಸೊಸೆ ಎದುರಿಗೆ ಕುಳಿತು ಉಣ್ಣುವುದನ್ನು ನೋಡುವ ಯೋಗ ತನಗಿಲ್ಲ ಎಂದು ಅಜ್ಜಿ ಈಗಲೂ ಹೇಳುವುದುಂಟು.

ಮೊದಲು ಕಚೇರಿಯಲ್ಲಿ ಹುಟ್ಟಿದವರ ಪುಸ್ತಕ ನೋಡಿಸಿ. ಪಟೇಲರ ಮನೆಯಲ್ಲಿ ವಿಚಾರಿಸಿ. ಆ ದೋಣಿಯವರ ಕಡೆಯ ಯಾರಾದರೂ ಉಳಿದಿದ್ದಾರೆಯೇ? ಬೇಗ ಬರೆಯಿರಿ. ಟಪ್ಪಾಲಿನವನು ಬರುವ ಹೊತ್ತಿಗೆ ನಾನು ಮೆಟ್ಟಿಲ ಮೇಲೆಯೇ ಇರುತ್ತೇನೆ, ರೂಮಿನವರು ನಗುತ್ತಿದ್ದಾರೆ.

ರಮಾನಾಥ


ಮೂಡುಬಿದಿರೆ
೭-೭-೧೯೫೮

ರಮಾನಾಥರಿಗೆ ನಮಸ್ಕಾರಗಳು.

ಕುಳಿತುಕೊಂಡು ಓದಿ. ನನ್ನ ಹತ್ತಿರ ಹೇಳಲಿಕ್ಕೆ ತುಂಬಾ ಉಂಟು.

ಕಚೇರಿಯಲ್ಲಿ ಆ ವರ್ಷದ ಪುಸ್ತಕವೇ ಇಲ್ಲ. ಪಟೇಲರ ಮನೆಯ ಕಡತಗಳೆಲ್ಲ ಅದೇ ನೆರೆಯಲ್ಲಿ ಹೋದವಂತೆ. ಅವರ ಮೊಮ್ಮಗ ಗೋಡೆಯ ಮೇಲೆ ನೀರು ಬಂದ ಗುರುತು ತೋರಿಸಿದರು, ನನ್ನ ತಲೆಗಿಂತ ಮೇಲಿತ್ತು. ಹೊಳೆಗೆ ಬಿದ್ದ ಮಗು ಉಳಿದು, ಅಟ್ಟದಲ್ಲಿಟ್ಟ ಕಾಗದ ಹೋದದ್ದು ನೋಡಿ ನನಗೆ ನಗು ಬಂತು. ಅಪ್ಪ ನನ್ನ ಬೆನ್ನಿಗೆ ತಿವಿದರು.

ಆದರೆ ದೋಣಿಯವರ ಹೆಂಡತಿ ಬದುಕಿದ್ದಾರೆ. ಅವ್ವಮ್ಮ ಎಂದು ಹೆಸರು. ಬಂಟ್ವಾಳ ಪೇಟೆಯ ಹೊಳೆಬದಿಯಲ್ಲಿ ಮಗ ಅಬ್ದುಲ್ ರವೂಫ್ ಅವರ ಅಂಗಡಿ, ಹಿಂದೆಯೇ ಮನೆ. ಅಮ್ಮ ಒಳಗೆ ಕಾಲಿಟ್ಟದ್ದೇ ಅವ್ವಮ್ಮ ಅವಳ ಎರಡೂ ಕೆನ್ನೆ ಹಿಡಿದುಕೊಂಡರು. ಮೂರು ನಾಲ್ಕು ತಿಂಗಳು ಅಮ್ಮ ಅವರ ಮಡಿಲಲ್ಲಿಯೇ ಇದ್ದಳಂತೆ. ಅವರ ಮನೆಯ ಅನ್ನವನ್ನೇ ಉಂಡಳಂತೆ. ಆಗಿನ ಕಾಲದಲ್ಲಿ ಅದನ್ನು ಯಾರಿಗೂ ಹೇಳಲಿಲ್ಲ ಎಂದು ಅವ್ವಮ್ಮ ನಕ್ಕರು. ನೀವೂ ಸದ್ಯಕ್ಕೆ ಅಜ್ಜಿಗೆ ಹೇಳಬೇಡಿ.

ಈಗ ಮುಖ್ಯ ವಿಷಯ. ನೆರೆ ಬಂದದ್ದು ಆಟಿ ತಿಂಗಳ ಜಡಿಮಳೆಯಲ್ಲಿ. ಆಟಿಯಲ್ಲಿ ಕಣಿಲೆ ಬೇಯಿಸದ ಮನೆ ಯಾವುದು? ಅವ್ವಮ್ಮನೂ ಎಳೆ ಬಿದಿರು ಕೊಚ್ಚಿ ನೀರಿಗೆ ಹಾಕಿ, ಹುರುಳಿಯ ಜೊತೆ ಪದಾರ್ಥ ಮಾಡಿ ಬಡಿಸಿದರು.

“ಎಲ್ಲ ತಿಂದಳು, ಕಣಿಲೆ ಮಾತ್ರ ಮುಟ್ಟಲಿಲ್ಲ. ನಮ್ಮ ಮನೆಯಲ್ಲಿ ಕಣಿಲೆ ಆಗುವುದಿಲ್ಲ ಅಂತ ಒಂದೇ ಸಮ ಅಳು. ಇಷ್ಟುದ್ದದ ಮಗುವಿಗೆ ನಮ್ಮ ಮನೆ ಅಂತ ಒಂದು ಉಂಟಲ್ಲ, ಅದು ಎಲ್ಲಿ ಉಂಟು ಅಂತ ಯಾರಿಗೂ ಗೊತ್ತಿಲ್ಲವಲ್ಲ ಅಂತ ನನಗೂ ಅಳು ಬಂತು ಮಗಾ.”

ಅಮ್ಮನಿಗೆ ಇದೊಂದೂ ನೆನಪಿಲ್ಲ. ಕಣಿಲೆ ಅವಳು ಈಗ ಎರಡು ಸಲ ಹಾಕಿಸಿಕೊಂಡು ತಿನ್ನುತ್ತಾಳೆ. ಆದರೆ ಮೊನ್ನೆಯಿಂದ ಬಟ್ಟಲಿನ ಬದಿಗೆ ಸರಿಸಿಡುತ್ತಿದ್ದಾಳೆ. ಏಕೆಂದು ಕೇಳಿದರೆ, ಇರಲಿ ಬಿಡು ಎನ್ನುತ್ತಾಳೆ.

ಇನ್ನೊಂದು. ಅಮ್ಮ ಊಟಕ್ಕೆ ಕುಳಿತಾಗ ಮೊದಲ ಚಿಟಿಕೆ ಅನ್ನವನ್ನು ಬಾಗಿಲಿನ ಬಲಗಡೆಯ ದಾರಂದದ ಬುಡದಲ್ಲಿಡುತ್ತಾಳೆ. ಇರುವೆಗಳ ಅನ್ನಛತ್ರ ಎಂದು ಅಪ್ಪ ನಗೆಯಾಡುವುದುಂಟು. ಅದು ಅವಳದೇ ಒಂದು ಮರುಳು ಎಂದು ನಾವು ತಿಳಿದಿದ್ದೆವು. ಅವ್ವಮ್ಮನ ಮನೆಯಲ್ಲಿ ಚಹಾ ತಿಂಡಿಗೆ ಕುಳಿತಾಗ ಅಲ್ಲಿಯೂ ಇಟ್ಟಳು. ಅವ್ವಮ್ಮ ಅದನ್ನು ನೋಡಿ, ಇದನ್ನು ಇನ್ನೂ ಬಿಡಲಿಲ್ಲವಾ ಎಂದರು. ಐದು ವರ್ಷದಲ್ಲಿಯೂ ಹಾಗೆಯೇ ಇಡುತ್ತಿದ್ದಳಂತೆ.

ಹಾಗಾದರೆ ನಾನು ಹುಡುಕಬೇಕಾದದ್ದು, ಬಂಟ್ವಾಳದಿಂದ ಮೇಲೆ, ಹೊಳೆಯ ಬದಿಯಲ್ಲಿ, ಕಣಿಲೆ ತಿನ್ನದ ಒಂದು ಮನೆ. ಬಸ್ಸಿನಲ್ಲಿ, ಪೇಟೆಯಲ್ಲಿ ಸಿಕ್ಕವರನ್ನೆಲ್ಲ ಕೇಳುತ್ತಿದ್ದೇನೆ. ಒಬ್ಬರು ತಮ್ಮ ಮನೆಯಲ್ಲಿ ತಿನ್ನುವುದಿಲ್ಲ ಎಂದರು, ವಿಚಾರಿಸಿದರೆ ವಾಯುವಿನ ತೊಂದರೆ. ನಮ್ಮ ಹೆಡ್ಮಾಸ್ತರು ಪದ್ಮಯ್ಯನವರು ಜೈನರು, ಅವರು ತಮ್ಮ ಮನೆಯಲ್ಲಿ ತಿನ್ನದ ವಸ್ತುಗಳನ್ನು ಹೇಳಲು ಹೊರಟವರು ಗಂಟೆ ಬಾರಿಸಿದರೂ ಮುಗಿಸಲಿಲ್ಲ. ನೀವೂ ಅಲ್ಲಿ ನಮ್ಮ ಕಡೆಯವರನ್ನು ಕೇಳಿ.

ಕುಸುಮ


ಬೊಂಬಾಯಿ
೧೪-೭-೧೯೫೮

ಪ್ರಿಯ ಕುಸುಮ,

ಹೀಗೆ ಬರೆದದ್ದಕ್ಕೆ ಬೈಯಬೇಡಿ. ಅಷ್ಟು ಖುಷಿಯಲ್ಲಿದ್ದೇನೆ. ಯಾರನ್ನೂ ಕೇಳಬೇಕಾಗಿಲ್ಲ, ಆ ಮನೆ ನನಗೇ ಗೊತ್ತು.

ನಾನು ಹತ್ತು ವರ್ಷದವನಿದ್ದಿರಬೇಕು. ಪುಂಜಾಲಕಟ್ಟೆಯಲ್ಲಿ ಅಜ್ಜಿ ಇರುವ ನಮ್ಮ ಪಲ್ಕೆ ಮನೆಯಲ್ಲಿ ಒಂದು ಮದುವೆ. ಭಾರೀ ಮಳೆ, ಚಪ್ಪರವೆಲ್ಲ ಸೋರುತ್ತಿತ್ತು. ಅಡುಗೆಯವರು ದೊಡ್ಡ ಹಂಡೆಯಲ್ಲಿ ಕಣಿಲೆ ಕೊಚ್ಚಿ ಹಾಕಿದ್ದರು. ಅದು ನನಗೆ ಪ್ರಾಣ. ನಾನು ಹಂಡೆಯ ಪಕ್ಕದಲ್ಲಿಯೇ ಕಾದು ಕುಳಿತಿದ್ದೆ. ಅಜ್ಜಿ ಬಂದವರೇ ಹೆಣ್ಣಿನ ಕಡೆಯವರಿಗೆ ಕಣಿಲೆ ಆಗುವುದಿಲ್ಲ, ಅವರ ಹಿರಿಯರೊಬ್ಬರು ಕಣಿಲೆ ಕಡಿಯಲು ಹೋಗಿ ಹಾವು ಕಚ್ಚಿ ಸತ್ತ ಮೇಲೆ ಬಿಟ್ಟದ್ದಂತೆ ಎಂದು ಹೇಳಿ, ಇಡೀ ಹಂಡೆಯನ್ನು ಗೊಬ್ಬರದ ಗುಂಡಿಗೆ ಹೊಯ್ಯಿಸಿದರು. ನಾನು ಅತ್ತದ್ದು ಚೆನ್ನಾಗಿ ನೆನಪುಂಟು.

ಅವರು ಬೆಳ್ತಂಗಡಿಯಿಂದ ಆಚೆ, ಹೊಳೆಯ ದಡದ ಕಜೆ ಎಂಬ ಮನೆಯವರು. ಕೂಡಲೇ ಹೋಗಿ. ವಿಚಿತ್ರವೆಂದರೆ ಅದು ಯಾರ ಮದುವೆ ಎಂದು ಎಷ್ಟು ಯೋಚಿಸಿದರೂ ಹೊಳೆಯುತ್ತಿಲ್ಲ. ಗೊಬ್ಬರದ ಗುಂಡಿ ಕಣ್ಣಿಗೆ ಕಟ್ಟಿದ ಹಾಗೆ ಉಂಟು, ಮದುಮಗಳ ಮುಖ ಮಾತ್ರ ನೆನಪಿಗೆ ಬರುವುದಿಲ್ಲ.

ನಿಮ್ಮ ರಮಾನಾಥ


ಬೊಂಬಾಯಿ
೧೬-೭-೧೯೫೮

ಕುಸುಮ ಅವರಿಗೆ ನಮಸ್ಕಾರ.

ಮೊನ್ನೆ ಬರೆದದ್ದನ್ನು ದಯವಿಟ್ಟು ಮರೆತುಬಿಡಿ. ಚಿಕ್ಕಂದಿನ ನೆನಪು, ಅದನ್ನು ನಂಬುವ ಹಾಗಿಲ್ಲ. ಕಜೆಗೆ ಹೋಗಬೇಡಿ. ಸದ್ಯಕ್ಕೆ ಹುಡುಕುವುದನ್ನೇ ನಿಲ್ಲಿಸುವುದು ಒಳ್ಳೆಯದು ಎಂದು ನನಗೆ ಕಾಣುತ್ತದೆ. ಕಾರಣ ಕೇಳಬೇಡಿ.

ರಮಾನಾಥ


ಮೂಡುಬಿದಿರೆ
೨೨-೭-೧೯೫೮

ರಮಾನಾಥರಿಗೆ,

ನಿಮ್ಮ ಎರಡೂ ಕಾಗದಗಳು ಬೆನ್ನು ಬೆನ್ನಿಗೆ ಬಂದವು. ಮೊದಲನೆಯದನ್ನು ನಾನು ಓದಿ ಓದಿ ಮಡಿಕೆಯಲ್ಲಿ ಹರಿಯುವಷ್ಟು ಮಾಡಿದೆ. ಎರಡನೆಯದನ್ನು ಒಂದೇ ಸಲ ಓದಿದೆ, ಸಾಕಾಯಿತು.

ಎರಡು ದಿನದಲ್ಲಿ ನಿಮಗೆ ಏನಾಯಿತು? ನಾನು ಯೋಚಿಸಿದ್ದನ್ನು ನೇರವಾಗಿ ಬರೆಯುತ್ತೇನೆ. ಕಜೆಯವರು ಬಂಗೇರರೇ ಎಂದು ನಿಮಗೆ ಗೊತ್ತಾಗಿದೆ. ಅಥವಾ ವೇಣೂರಿನ ಹುಡುಗಿಯ ಫೋಟೋ ಬೊಂಬಾಯಿಗೆ ಬಂದಿದೆ. ಮೊದಲನೆಯದಾದರೆ ಹೇಳಿಬಿಡಿ, ಅಳುತ್ತೇನೆ, ಆದರೆ ತಡೆದುಕೊಳ್ಳುತ್ತೇನೆ. ಎರಡನೆಯದಾದರೆ ಹೇಳುವುದೇ ಬೇಡ.

ಒಂದು ಮಾತ್ರ ತಿಳಿದುಕೊಳ್ಳಿ. ಹುಡುಕಲು ಹೊರಟದ್ದು ನಿಮಗಾಗಿ ಹೌದು. ಈಗ ಅಷ್ಟೇ ಅಲ್ಲ. ಅಮ್ಮ ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಗಾಳಿಗೆ ಹಾಕಿದ್ದಾಳೆ. ಬರುವ ಆದಿತ್ಯವಾರ ನಾವು ಮೂವರೂ ಕಜೆಗೆ ಹೋಗುತ್ತಿದ್ದೇವೆ. ನೀವು ಬೇಡವೆಂದರೂ.

ಕುಸುಮ


ಮೂಡುಬಿದಿರೆ
೨೮-೭-೧೯೫೮

ರಮಾನಾಥರಿಗೆ,

ಎಲ್ಲಿಂದ ಶುರುಮಾಡಲಿ? ಮಕ್ಕಳಿಗೆ ಮಗ್ಗಿ ಬರೆಯಲು ಹೇಳಿ ಶಾಲೆಯಲ್ಲಿಯೇ ಕುಳಿತು ಬರೆಯುತ್ತಿದ್ದೇನೆ. ಪದ್ಮಯ್ಯನವರು ನೋಡಿಯೂ ನೋಡದ ಹಾಗೆ ಹೋದರು, ಅವರಿಗೂ ಸಂಗತಿ ತಿಳಿದಿದೆ. ಊರಿಗೇ ತಿಳಿದಿದೆ.

ಬೆಳ್ತಂಗಡಿಯಲ್ಲಿ ಬಸ್ಸಿಳಿದು ಮಳೆಯಲ್ಲಿ ನಡೆದೆವು. ಹೊಳೆಯ ಸದ್ದು ಕೇಳಿದ್ದೇ ಅಮ್ಮನ ನಡಿಗೆ ನಿಧಾನವಾಯಿತು. ಕಜೆಯ ಅಂಗಳದಲ್ಲಿ ವಯಸ್ಸಾದವರೊಬ್ಬರು ಮಳೆಗೆ ಹೊದೆಯುವ ಓಲೆಯ ಗೊರಬೆ ಸರಿಮಾಡುತ್ತಾ ಕುಳಿತಿದ್ದರು. ಜತ್ತಪ್ಪ ಎಂದು ಹೆಸರು, ಮನೆಯ ಯಜಮಾನರು. ಮಳೆಗೆ ನೆನೆದು ಬಂದವರನ್ನು ಯಾರು ಏನು ಎಂದು ಕೇಳದೆ ಒಳಗೆ ಕರೆದರು. ಹೋಗುವಾಗ ಅಮ್ಮನ ತಲೆ ಬಾಗಿಲಿನ ಮೇಲಿನ ಪಟ್ಟಿಗೆ ಗಟ್ಟಿಯಾಗಿ ಬಡಿಯಿತು. ಹಣೆ ಉಜ್ಜಿಕೊಳ್ಳುತ್ತಾ, “ಈ ಬಾಗಿಲು ಇಷ್ಟು ಗಿಡ್ಡ ಇರಲಿಲ್ಲ” ಎಂದಳು. ಹೇಳಿದ ಮೇಲೆ ತಾನು ಹೇಳಿದ್ದು ಏನೆಂದು ಅವಳಿಗೇ ಗಾಬರಿಯಾಯಿತು. ಜತ್ತಪ್ಪನವರು ತಿರುಗಿ ನೋಡಿದರು.

ಊಟದ ಹೊತ್ತಾಗಿತ್ತು, ಉಂಡೇ ಮಾತಾಡುವ ಎಂದರು. ಬಡಿಸಿದರು. ಆಟಿ ತಿಂಗಳ ಊಟ, ತಜಂಕು ಸೊಪ್ಪಿನ ಪಲ್ಯ ಇತ್ತು, ಪತ್ರೊಡೆ ಇತ್ತು, ಕಣಿಲೆ ಇರಲಿಲ್ಲ. ನಾನು ಅದನ್ನೇ ಹುಡುಕುತ್ತಿದ್ದೆ. ಆಗ ಜತ್ತಪ್ಪನವರು ಒಂದು ಚಿಟಿಕೆ ಅನ್ನ ತೆಗೆದು ಬಾಗಿಲಿನ ಬಲಗಡೆಯ ದಾರಂದದ ಬುಡದಲ್ಲಿಟ್ಟರು. ಅವರ ಹೆಂಡತಿ ಇಟ್ಟರು. ಮಕ್ಕಳು ಇಟ್ಟರು. ಅಷ್ಟರಲ್ಲಿ ಅಮ್ಮನ ಕೈಯೂ ಅಲ್ಲಿಗೆ ಹೋಗಿತ್ತು. ಇಷ್ಟು ವರ್ಷ ಇರುವೆಗಳ ಅನ್ನಛತ್ರ ಎಂದು ನಗುತ್ತಿದ್ದ ಅಪ್ಪ, ತಮ್ಮ ಬಾಳೆಲೆಯನ್ನು ನೋಡುತ್ತಾ ಕುಳಿತುಬಿಟ್ಟರು.

ಜತ್ತಪ್ಪನವರು ಕೈ ತೊಳೆಯದೆ ಎದ್ದು ಬಂದು ಅಮ್ಮನ ಎದುರು ಕುಳಿತರು. “ನಿನ್ನನ್ನು ದನದ ಹಟ್ಟಿಯ ಮಾಡಿನ ಮೇಲೆ ಕೂರಿಸಿದ್ದು ನಾನು. ಅಲ್ಲಿಯೇ ಇರು, ಅಮ್ಮನನ್ನು ಕರಕೊಂಡು ಬರ್ತೇನೆ ಅಂತ ಹೇಳಿದ್ದೆ. ತಿರುಗಿ ನೋಡುವಾಗ ಮಾಡೇ ಇರಲಿಲ್ಲ” ಎಂದರು. ಇಬ್ಬರೂ ಅತ್ತರು. ಎಲ್ಲರೂ ಅತ್ತೆವು, ಒಲೆಯ ಮೇಲಿನ ಹಾಲು ಉಕ್ಕಿದ್ದು ಯಾರಿಗೂ ತಿಳಿಯಲಿಲ್ಲ. ಅವರು ಅಮ್ಮನ ಸ್ವಂತ ಅಣ್ಣ. ಒಂದೇ ತಾಯಿಯ ಮಕ್ಕಳು. ಬರಿ ಸಾಲಿಯಾನ್. ದೊಡ್ಡ ಅಕ್ಷರದಲ್ಲಿ ಬರೆಯಬೇಕೆನಿಸುತ್ತದೆ: ಬಂಗೇರ ಅಲ್ಲ, ಸಾಲಿಯಾನ್. ಅಮ್ಮನ ಹೆಸರು ನೀಲಾವತಿ. ಮನೆಯಲ್ಲಿ ನೀಲು.

ಆಮೇಲೆ ನಾನು ಎಳೆಯ ಹುಡುಗಿಯ ಹಾಗೆ, ಪುಂಜಾಲಕಟ್ಟೆಯ ಪಲ್ಕೆ ಮನೆಗೆ ನಿಮ್ಮಲ್ಲಿಂದ ಯಾರನ್ನು ಕೊಟ್ಟದ್ದು ಎಂದು ಕೇಳಿದೆ. ಜತ್ತಪ್ಪ ಮಾವ ಹೆಗಲ ವಸ್ತ್ರದಲ್ಲಿ ಮುಖ ಒರೆಸಿಕೊಂಡರು. ಕಡೆಗೆ ಅಮ್ಮನನ್ನು ತೋರಿಸಿದರು.

ಈಗ ನನಗೆ ನಿಮ್ಮ ಎರಡನೆಯ ಕಾಗದ ಅರ್ಥವಾಗಿದೆ. ಭಾರೀ ಮಳೆ, ಹಂಡೆ ತುಂಬ ಕಣಿಲೆ ಎಂದರೆ ಆ ಮದುವೆ ಆಟಿಯದ್ದೇ. ಆಟಿಯಲ್ಲಿ ಬದುಕಿರುವವರಿಗೆ ಮದುವೆ ಮಾಡುವುದಿಲ್ಲ ಎಂಬುದು ನನ್ನ ಶಾಲೆಯ ಮಕ್ಕಳಿಗೂ ಗೊತ್ತು, ನನ್ನ ತಲೆಗೆ ಹೋಗಲಿಲ್ಲ. ಅದು ಕುಲೆಗಳ ಮದುವೆ, ಸತ್ತವರಿಗೆ ಮಾಡುವ ಮದುವೆ. ಮದುವೆಯಾಗದೆ ಸತ್ತ ನಿಮ್ಮ ಗುರುವಪ್ಪ ಮಾವನ ಜೀವಕ್ಕೆ ಜೊತೆ ಬೇಕೆಂದು ಜೋಯಿಸರು ಹೇಳಿದರು. ನಿಮ್ಮ ಅಜ್ಜಿ ಸತ್ತ ಹುಡುಗಿಯೊಬ್ಬಳನ್ನು ಹುಡುಕುತ್ತಾ ಕಜೆಗೆ ಬಂದರು. ನೆರೆಯಲ್ಲಿ ಹೋದ ನೀಲುವನ್ನು ಇವರು ಕೊಟ್ಟರು. ಎರಡು ಕುರ್ಚಿಗಳ ಮೇಲೆ ಸೀರೆ, ಬಳೆ, ಪಂಚೆ, ಶಾಲು ಇಟ್ಟು ಧಾರೆ ಎರೆದರು. ನಿಮಗೆ ಮದುಮಗಳ ಮುಖ ನೆನಪಾಗದ್ದು ಸುಮ್ಮನೆ ಅಲ್ಲ. ಅವತ್ತು ಮದುಮಗಳು ಮೂಡುಬಿದಿರೆಯಲ್ಲಿ ನನಗೆ ಜಡೆ ಹಾಕುತ್ತಿದ್ದಳೋ ಏನೋ.

ಬಸ್ಸಿನಲ್ಲಿ ಬರುವಾಗ ಅಪ್ಪ, ಇಷ್ಟು ವರ್ಷ ನಾನು ಇನ್ನೊಬ್ಬರ ಹೆಂಡತಿಯ ಕೈಯಡುಗೆ ಉಂಡೆನಲ್ಲ ಮಾರಾಯ್ತಿ ಎಂದರು. ನಾನು ನಕ್ಕೆ. ಅಮ್ಮ ನಗಲಿಲ್ಲ. ಪಲ್ಕೆಯ ಅಜ್ಜಿ ಅವತ್ತು ಯಾವ ಬಣ್ಣದ ಸೀರೆ ತಂದಿದ್ದರು ಎಂದು ಜತ್ತಪ್ಪ ಮಾವನನ್ನು ಕೇಳಿ ಬಂದಿದ್ದಳು. ಕೆಂಪಂತೆ.

ಅಜ್ಜಿಗೆ ಹೇಳಬೇಕು. ಬೇರೆಯವರ ಬಾಯಿಂದ ತಿಳಿಯಬಾರದು. ಆಗಸ್ಟ್ ಹತ್ತು ಆದಿತ್ಯವಾರ ಜತ್ತಪ್ಪ ಮಾವನ ಜೊತೆ ನಾವು ಪಲ್ಕೆಗೆ ಹೋಗುತ್ತೇವೆ. ವೇಣೂರಿನ ಹುಡುಗಿಯ ಮಾತಿಗೆ ಕ್ಷಮಿಸಿ. ನೀವು ಏಕೆ ಹೆದರಿದಿರಿ ಎಂಬುದು ಮಾತ್ರ ನನಗೆ ಇನ್ನೂ ಪೂರ್ತಿ ತಿಳಿದಿಲ್ಲ. ಬರಿ ಬೇರೆ ಎಂದು ತಿಳಿದ ಮೇಲೂ ಹೆದರಿಕೆ ಏಕೆ?

ಕುಸುಮ


ಬೊಂಬಾಯಿ
೬-೮-೧೯೫೮

ಕುಸುಮ,

ನಿಮ್ಮ ಕಾಗದ ಮಳೆಯಿಂದಾಗಿ ಇವತ್ತಷ್ಟೇ ಬಂತು. ಇದು ಹತ್ತನೇ ತಾರೀಕಿನ ಮೊದಲು ನಿಮಗೆ ಮುಟ್ಟಲಿ ಎಂದು ದೇವರಲ್ಲಿ ಬೇಡಿಕೊಂಡು ಬರೆಯುತ್ತಿದ್ದೇನೆ. ಅಜ್ಜಿಗೆ ಹೇಳಬೇಡಿ.

ನಿಮ್ಮ ಅಮ್ಮನಿಗೆ ಮನೆ ಸಿಕ್ಕಿದ್ದಕ್ಕೆ ನನಗೆ ಆಗಿರುವ ಸಂತೋಷ ಬರೆದರೆ ಮುಗಿಯುವುದಿಲ್ಲ. ಆದರೆ ನೀವು ಪಲ್ಕೆಯ ಆಟಿಯನ್ನು ನೋಡಿಲ್ಲ. ಪ್ರತಿ ವರ್ಷ ಆಟಿಯಲ್ಲಿ ಸತ್ತವರಿಗೆ ಬಡಿಸುವ ದಿನ, ಅಜ್ಜಿ ಒಳಕೋಣೆಯಲ್ಲಿ ಒತ್ತೊತ್ತಾಗಿ ಎರಡು ಎಲೆ ಹಾಕುತ್ತಾರೆ. ಒಂದು ಮಗನಿಗೆ, ಒಂದು ಸೊಸೆಗೆ. ಸೊಸೆಯ ಎಲೆಗೆ ಕಣಿಲೆ ಇಲ್ಲ. ಕಜೆಗೆ ಹೋಗಿ ಎಂದು ಬರೆದ ಕಾಗದ ಟಪ್ಪಾಲಿಗೆ ಹಾಕಿದ ಮೇಲೆ ಆ ಎಲೆ ನನಗೆ ನೆನಪಾಯಿತು, ಅದಕ್ಕೇ ಬೇಡವೆಂದೆ. ಬಾಗಿಲು ಎಳೆದುಕೊಂಡು ಹೊರಗೆ ಕುಳಿತು, “ನೀಲೂ, ನಾಚಿಕೆ ಬೇಡ, ಹೊಟ್ಟೆ ತುಂಬ ಉಣ್ಣು” ಎಂದು ಹೇಳುತ್ತಾರೆ. ಊರಿನ ಸುದ್ದಿಯನ್ನೆಲ್ಲ ಅವಳಿಗೆ ಹೇಳುತ್ತಾರೆ. ಬದುಕಿರುವವರೊಡನೆ ಅಷ್ಟು ಮೆತ್ತಗೆ ಅವರು ಮಾತಾಡಿದ್ದು ನಾನು ಕೇಳಿಲ್ಲ.

ಆ ಎಲೆಯ ಹತ್ತಿರ ಯಾರೂ ಬರುತ್ತಿರಲಿಲ್ಲ ಎಂದು ಅವರಿಗೆ ಹೇಗೆ ಹೇಳುವುದು? ಬದುಕಿರುವವರಿಗೆ ಕುಲೆಯ ಎಲೆ ಹಾಕುವುದೆಂದರೆ ಸಾವು ಬಯಸಿದ ಹಾಗೆ, ಅದು ಅವರಿಗೆ ಗೊತ್ತು. ಮಗ ಮತ್ತೆ ಒಂಟಿಯಾದ ಎಂದು ಅಳುತ್ತಾರೆ. ಆ ಸಂಕಟದಲ್ಲಿ ನಿಮ್ಮ ಮುಖ ನೋಡಲು ಒಪ್ಪುತ್ತಾರೆಯೇ? ಬರಿ ಬೇರೆ ಎಂದು ಹೇಳಿ ಮದುವೆ ಮುಗಿಸುವ, ಉಳಿದದ್ದು ಅಜ್ಜಿಗೆ ತಿಳಿಯುವುದು ಬೇಡ. ನಿಮಗೆ ಕೈಮುಗಿದು ಕೇಳುತ್ತೇನೆ.

ರಮಾನಾಥ


ಮೂಡುಬಿದಿರೆ
೧೧-೮-೧೯೫೮

ರಮಾನಾಥರಿಗೆ,

ನಿಮ್ಮ ಕಾಗದ ಈಗ ತಾನೇ ಸಿಕ್ಕಿತು. ನಾವು ನಿನ್ನೆಯೇ ಪಲ್ಕೆಗೆ ಹೋಗಿ ಬಂದೆವು.

ಹೆದರಬೇಡಿ, ಆದರೆ ಮೊದಲಿನಿಂದ ಓದಿ. ನಾವು ಹೋದ ದಿನವೇ ಬಡಿಸುವ ದಿನವೆಂದು ನಮಗೆ ಗೊತ್ತಿರಲಿಲ್ಲ. ಒಳಕೋಣೆಯ ಬಾಗಿಲು ಎಳೆದಿತ್ತು, ಅಜ್ಜಿ ಹೊರಗೆ ಕುಳಿತಿದ್ದರು. ಜತ್ತಪ್ಪ ಮಾವ ಎಲ್ಲವನ್ನೂ ಹೇಳಿದರು, ನೆರೆ, ದೋಣಿ, ಅವ್ವಮ್ಮ, ಕಣಿಲೆ. ಅಜ್ಜಿ ಅವರ ಕಡೆ ನೋಡಲೇ ಇಲ್ಲ. ಅಮ್ಮನ ಮುಖವನ್ನೇ ನೋಡುತ್ತಿದ್ದರು. ಮಾತು ಮುಗಿದ ಮೇಲೆ ಎದ್ದು, ಎರಡು ಎಲೆ ಹಾಕಿದ್ದ ಆ ಕೋಣೆಯೊಳಗೆ ಹೋಗಿ ಚಿಲಕ ಹಾಕಿಕೊಂಡರು.

ಎಲ್ಲ ಮುಗಿಯಿತು, ನಾನೇ ಕೆಡಿಸಿದೆ ಎಂದುಕೊಂಡೆ. ಜತ್ತಪ್ಪ ಮಾವ ಕೊಡೆ ಕೈಗೆತ್ತಿಕೊಂಡರು. ಒಳಗಿನಿಂದ ಸಣ್ಣಗೆ ಮಾತು ಕೇಳುತ್ತಿತ್ತು, ಅಜ್ಜಿ ಮಗನ ಹತ್ತಿರ ಏನೋ ಹೇಳುತ್ತಿದ್ದರು. ಆಮೇಲೆ ಅದೂ ನಿಂತಿತು.

ಅಮ್ಮ ಎದ್ದಳು. ಹೋಗಿ ಆ ಬಾಗಿಲಿನ ಮುಂದೆ ನಿಂತಳು. ತನ್ನ ಹೆಸರನ್ನು ಅವಳು ಅದುವರೆಗೆ ಬಾಯಿಬಿಟ್ಟು ಹೇಳಿರಲಿಲ್ಲ, ಕಜೆಯಲ್ಲಿಯೂ ಹೇಳಿರಲಿಲ್ಲ.

“ಅತ್ತೇ, ನಾನು ನೀಲು. ಬಾಗಿಲು ತೆಗೀರಿ.”

ಚಿಲಕ ತೆಗೆದ ಸದ್ದಾಯಿತು. ಅಜ್ಜಿಯ ಕಣ್ಣು ಕೆಂಪಾಗಿತ್ತು. ಅಮ್ಮನ ಹೆಗಲು, ಕೈ, ಬೆರಳು ಎಲ್ಲ ಮುಟ್ಟಿ ಮುಟ್ಟಿ ನೋಡಿದರು.

“ಇಷ್ಟು ವರ್ಷ ಬಡಿಸಿದೆ. ನಿನ್ನ ಎಲೆಯಲ್ಲಿ ಒಂದು ತುತ್ತು ಕಡಿಮೆಯಾದದ್ದು ಕಾಣಲಿಲ್ಲ. ನನ್ನ ಅಡುಗೆ ಆಗುವುದಿಲ್ಲವೋ ಏನೋ ಅಂತ ಬೇಜಾರು ಮಾಡಿಕೊಂಡಿದ್ದೆ. ನೀನು ಬದುಕಿದ್ದಿ ಅಲ್ವಾ, ಹೇಗೆ ಉಣ್ಣುತ್ತಿ? ಅಲ್ಲಿ ಬೇಡ, ಇಲ್ಲಿ ಚಾವಡಿಯಲ್ಲಿ ಕೂತುಕೋ. ಬಿಸಿ ಅನ್ನ ಹಾಕ್ತೇನೆ.”

ಹೊಸ ಎಲೆ ತಂದು ತಮ್ಮ ಕೈಯಿಂದಲೇ ಬಡಿಸಿದರು. ಅಪ್ಪ ಎಲ್ಲಿ ಕುಳಿತುಕೊಳ್ಳುವುದೆಂದು ತಿಳಿಯದೆ ಕಂಬದ ಹಿಂದೆ ನಿಂತಿದ್ದರು. ಅಜ್ಜಿ ಅವರನ್ನು ಕರೆದು, ನನ್ನ ಮಗನಿಂದ ಆಗದ್ದನ್ನು ನೀವು ಮಾಡಿದ್ದೀರಿ, ಇವಳನ್ನು ಚೆನ್ನಾಗಿ ನೋಡಿಕೊಂಡಿದ್ದೀರಿ, ಮೊದಲ ಎಲೆ ನಿಮ್ಮದು ಎಂದರು. ಅಪ್ಪನಿಗೆ ಒಂದು ತಮಾಷೆಯೂ ಹೊಳೆಯಲಿಲ್ಲ. ಅಮ್ಮ ಚಿಟಿಕೆ ಅನ್ನ ತೆಗೆದು ದಾರಂದದ ಬುಡದಲ್ಲಿಟ್ಟು ಉಂಡಳು, ಅಜ್ಜಿ ಎದುರಿಗೆ ಕುಳಿತು ಕಡೆಯ ತುತ್ತಿನವರೆಗೂ ನೋಡಿದರು. ಬಂಟ್ವಾಳದ ದೋಣಿಯ ಮನೆಯಲ್ಲಿ ಉಂಡ ಸಂಗತಿಯನ್ನು ಅಮ್ಮ ತಾನಾಗಿಯೇ ಹೇಳಿದಳು. ಹಾಗಾದರೆ ಆ ಅವ್ವಮ್ಮನಿಗೆ ಒಂದು ಗೊನೆ ಬಾಳೆಹಣ್ಣು ಕಳಿಸಬೇಕು ಎಂದರು ಅಜ್ಜಿ, ಅಷ್ಟೇ.

ಗುರುವಪ್ಪ ಮಾವನ ಬಗ್ಗೆ ನಾನು ಭಯದಲ್ಲಿಯೇ ಕೇಳಿದೆ. ಅವನಿಗೆ ಒಳಗೆ ಹೋಗಿ ಹೇಳಿಯಾಯಿತು, ಹೆಂಡತಿ ಬದುಕಿದ್ದಾಳೆ ಎಂದರೆ ಕೋಪಿಸಿಕೊಳ್ಳುವ ಜಾತಿಯಲ್ಲ ನನ್ನ ಮಗ ಎಂದರು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅದು ನಿಮಗೆ ತಿಳಿದಿರಲಿ, ಅವರಿಗೆ ನೋವಾಗಿದೆ. ನೀವು ಬೇಗ ಬನ್ನಿ.

ನನ್ನ ವಿಷಯ ಯಾರೂ ಎತ್ತಲೇ ಇಲ್ಲ. ಹೊರಡುವ ಹೊತ್ತಾಯಿತು. ನಾನು ತಡೆಯಲಾರದೆ, ಅಜ್ಜಿ, ನೀವು ಕೇಳಿದ ಬರಿ ಸಾಲಿಯಾನ್ ಎಂದೆ. ಅವರು ಮಕ್ಕಳಿಗೆ ಬೈಯುವ ಹಾಗೆ ನನ್ನನ್ನು ನೋಡಿದರು.

“ನನಗೆ ಹೇಳ್ತಿಯಾ? ಕಜೆಯ ಅಂಗಳದಲ್ಲಿ ಕೂತು ನಿನ್ನ ಅಮ್ಮನ ಬರಿ ಕೇಳಿ, ನಮಗೆ ಆಗ್ತದೆ ಅಂತ ವೀಳ್ಯ ತೆಗೆದುಕೊಂಡವಳು ನಾನು. ನೀನು ನನ್ನ ಸೊಸೆಯ ಮಗಳು. ನಮ್ಮ ಹುಡುಗನಿಗೆ ಮಾವನ ಮಗಳು. ಇದಕ್ಕಿಂತ ಸರಿಯಾದ ಹೆಣ್ಣು ಅವನಿಗೆ ಎಲ್ಲಿ ಸಿಗ್ತದೆ?”

ಆ ಕೆಂಪು ಸೀರೆ ಪೆಟ್ಟಿಗೆಯಲ್ಲಿತ್ತು. ಅಮ್ಮನ ಕೈಯಲ್ಲಿಟ್ಟರು. ಅಮ್ಮ ಮೂಡುಬಿದಿರೆಯವರೆಗೂ ಅದನ್ನು ಮಡಿಲಿನಿಂದ ಇಳಿಸಲಿಲ್ಲ.

ದೀಪಾವಳಿಗೆ ರಜೆ ಹಾಕಿ ಬರಬೇಕೆಂದು ಅಜ್ಜಿಯ ಅಪ್ಪಣೆ. ಮದುವೆಯ ಅಡುಗೆಯ ಮಾತೂ ನಿನ್ನೆಯೇ ಆಯಿತು. ಉಪ್ಪುನೀರಿನಲ್ಲಿ ಹಾಕಿಟ್ಟ ಕಣಿಲೆಯ ಭರಣಿಯನ್ನು ಸಹ ಅವತ್ತು ಅಡುಗೆಮನೆಯಿಂದ ಹೊರಗಿಡಬೇಕಂತೆ, ಹೆಣ್ಣಿನ ಕಡೆಯವರಿಗೆ ಆಗುವುದಿಲ್ಲವಂತೆ. ಈ ಸಲ ನೀವು ಅಳಬಾರದು.

ನಿಮ್ಮ
ಕುಸುಮ